ಮನೆಗೊಂದು ಮುನ್ಸೂಚನೆ

“ನಾಳೆ ಗಾಳಿ ತಿರುಗುತ್ತೆ ಅತ್ತಿಗೆ. ಸಂಜೆ ಹೊತ್ತಿಗೆ ಮಳೆ” ಎಂದು ಹೇಳುತ್ತಲೇ ಅವಳು ಬಾಗಿಲಲ್ಲಿ ಚಪ್ಪಲಿ ಬಿಚ್ಚುತ್ತಿದ್ದಳು. ಒಂಬತ್ತು ದಿನದಿಂದ ಮನೆಗೆ ಬಂದ ಕೂಡಲೇ ಹೇಳುವ ಮಾತು ಅದು. ಕಿಟಕಿಗೆ ಒದ್ದೆ ಚಾದರ ಕಟ್ಟಿದ್ದ ಕೋಣೆಯಲ್ಲಿ ಎರಡು ದಿಂಬಿಗೆ ಒರಗಿ ಕೂತಿದ್ದ ಅತ್ತಿಗೆ, ಉಸಿರು ಒಟ್ಟುಮಾಡಿಕೊಂಡು ಕೇಳಿದರು: “ಹೌದಾ? ಮಧ್ಯಾಹ್ನ ರೇಡಿಯೋದಲ್ಲಿ ಓದಿದ್ದು ಬೇರೆ ಥರ ಇತ್ತಲ್ಲ ಪುಟ್ಟಿ. ಅದನ್ನ ಬರೆದಿದ್ದೂ ನೀನೇ ತಾನೆ?”

ಬಗ್ಗಿದವಳು ಹಾಗೇ ನಿಂತಳು. ಬರೆದಿದ್ದು ಅವಳೇ. ಹವಾಮಾನ ಕಚೇರಿಯಲ್ಲಿ ಹದಿನೇಳು ವರ್ಷದಿಂದ ಅವಳ ಕೆಲಸವೇ ಅದು. ಬೇಸಿಗೆ ಮುಗಿಯುತ್ತ ಬಂದಿತ್ತು. ಗುಡ್ಡದಾಚೆ ಕಾಡ್ಗಿಚ್ಚು ಹತ್ತಿ, ಹೊಗೆಯೆಲ್ಲ ಊರಿನ ಮೇಲೆ ಬಂದು ಕೂತಿತ್ತು. ಅಂದು ಸೋಮವಾರ; ಬೆಳಿಗ್ಗೆಯೇ ಅವಳು ಒಂದಕ್ಷರವನ್ನೂ ಮುಚ್ಚಿಡದೆ ಬರೆದಿದ್ದಳು: ಭಾನುವಾರದವರೆಗೆ ಸೆಕೆ ಇಳಿಯುವುದಿಲ್ಲ, ಹೊಗೆ ಕದಲುವುದಿಲ್ಲ, ಶುಕ್ರವಾರ ಮಧ್ಯಾಹ್ನ ಅಲ್ಲಲ್ಲಿ ಸಣ್ಣ ಮಳೆ, ಉಸಿರಾಟದ ತೊಂದರೆ ಇರುವವರು ಮನೆಯಿಂದ ಹೊರಗೆ ಬರಬಾರದು. ಊರಿಗೆಲ್ಲ ನಿಜ ಹೇಳಿ, ಮನೆಗೆ ಬಂದು ಸುಳ್ಳು ಹೇಳುತ್ತಿದ್ದಳು. ಅದಕ್ಕೆಂದೇ ಮೊದಲ ದಿನ ರೇಡಿಯೋದ ಸೆಲ್ಲನ್ನು ತೆಗೆದು, ಸೆಲ್ಲು ಮುಗಿದಿದೆ, ಅಂಗಡಿಯಲ್ಲೂ ಸಿಗುತ್ತಿಲ್ಲ ಅಂದಿದ್ದಳು.

“ಸೆಲ್ಲು ಎಲ್ಲಿ ಸಿಕ್ತು ನಿಮಗೆ?”

ಅತ್ತಿಗೆ ಕಣ್ಣಲ್ಲೇ ಗೋಡೆಯ ಕಡೆ ತೋರಿಸಿದರು. ಗಡಿಯಾರ ಒಂದೂ ಹತ್ತಕ್ಕೆ ನಿಂತಿತ್ತು. ಅದು ನಿಂತು ಆರು ದಿನವಾಗಿದ್ದರೂ, ಊರಿನ ಆಕಾಶವನ್ನೆಲ್ಲ ಅಳೆಯುವ ಅವಳು ತನ್ನ ಮನೆಯ ಗೋಡೆ ನೋಡಿರಲಿಲ್ಲ.

“ಅಷ್ಟು ದಿನದಿಂದ ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?”

“ನಾಳೆ ಮಳೆ ಅಂತ ನಂಗೆ ಹೇಳಿದ ಮೇಲೆ ನೀನು ಎರಡು ತುತ್ತು ಜಾಸ್ತಿ ಉಣ್ತಿದ್ದೆ” ಎಂದರು ಅತ್ತಿಗೆ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು: “ಆದ್ರೆ ಇನ್ನು ಆಗಲ್ಲ ಪುಟ್ಟಿ. ಸುಳ್ಳು ಅಂತ ಗೊತ್ತಿದ್ರೂ ದಿನಾ ಸಂಜೆ ಕಿವಿ ಮಳೆಗೇ ಕಾಯುತ್ತೆ. ಈ ಕೆಮ್ಮಿಗಿಂತ ಅದೇ ಸುಸ್ತು. ಭಾನುವಾರ ಅಂದ್ರೆ ಭಾನುವಾರ. ಹೇಗೋ ತಳ್ತೀನಿ.”

ಅವಳು ಮಂಚದ ತುದಿಯಲ್ಲಿ ಕೂತಳು. ಅವಳಿಗೆ ಏಳು ವರ್ಷವಿದ್ದಾಗ ಅಣ್ಣನ ಕೈ ಹಿಡಿದು ಬಂದವರು ಈ ಅತ್ತಿಗೆ. ತಾಯಿಯಿಲ್ಲದ ಹುಡುಗಿಯ ಜಡೆ ಹೆಣೆದವರು, ಮೂವತ್ತು ವರ್ಷ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಅವಳನ್ನು ಓದಿಸಿದವರು. ಅಣ್ಣ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಹೊಗೆ ಬಂದ ಮೊದಲ ದಿನ ಉಸಿರು ಸಿಗದೆ, ಯಾವಾಗ ಹೋಗುತ್ತೆ ಇದು ಎಂದು ಅತ್ತಿಗೆ ಅವಳ ತೋಳು ಹಿಡಿದಾಗ, ನಾಳೆ ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು.

ಈಗ ಕಚೇರಿಯ ಲೆಕ್ಕವನ್ನೆಲ್ಲ ಅವರ ಮುಂದೆ ಇಟ್ಟಳು. ಅತ್ತಿಗೆ ಅಳತೆ ತೆಗೆದುಕೊಳ್ಳುವವರ ಹಾಗೆ ಒಂದೊಂದನ್ನೇ ಕೇಳಿದರು: ಶುಕ್ರವಾರದ ಮಳೆ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಅದರಿಂದ ಹೊಗೆ ಅಡಗುತ್ತದೆಯೇ. ಎರಡರಿಂದ ನಾಲ್ಕರ ಒಳಗೆ, ಬಿದ್ದರೆ ಹತ್ತೋ ಹದಿನೈದೋ ನಿಮಿಷ, ಹೊಗೆ ಒಂದರ್ಧ ಗಂಟೆ ಅಡಗೀತು ಎಂದಳು.

“ಬೀಳದೇ ಇರಬಹುದಾ?”

“ಬೀಳದೇನೂ ಇರಬಹುದು.”

ಸರಿ ಎಂದು ಅತ್ತಿಗೆ ಕಣ್ಣು ಮುಚ್ಚಿದರು. ಬಹಳ ದಿನಗಳ ನಂತರ ಅವರಿಗೆ ಕೂತಲ್ಲೇ ನಿದ್ದೆ ಹತ್ತಿತು. ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ನಲ್ಲಿ ಬಿಟ್ಟು ಮತ್ತೆ ತೊಳೆದಳು. ಅಳು ಹೊರಗೆ ಕೇಳಬಾರದಲ್ಲ.

ಬುಧವಾರ ಹೊಗೆ ಎಷ್ಟು ದಟ್ಟವಾಯಿತೆಂದರೆ ಎದುರು ಮನೆಯ ಮೆಟ್ಟಿಲೂ ಕಾಣಲಿಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಅವಳು ಬೆನ್ನು ನೀವುತ್ತಿದ್ದಾಗ, ಮಾತಾಡಲಾಗದ ಅತ್ತಿಗೆ ಅವಳ ಮುಖದ ಮುಂದೆ ನಾಲ್ಕು ಬೆರಳು ಎತ್ತಿ ಹಿಡಿದರು. ಇನ್ನು ನಾಲ್ಕೇ ದಿನ ಎಂದು ಅವಳಿಗೇ ಧೈರ್ಯ ಹೇಳುತ್ತಿದ್ದರು.

ಶುಕ್ರವಾರ ಅವಳು ಅರ್ಧ ದಿನ ರಜೆ ಹಾಕಿ ಬಂದಳು. ಎರಡು ಗಂಟೆಗೆ ಬಿಸಿಲು ಮಂಕಾಯಿತು. ಮೂರಕ್ಕೆ ಬಂದ ಮೋಡ ಆಚೆ ಬೀದಿಗಳ ಮೇಲೆ ಸುರಿದು ಹೋಯಿತು. ತಪ್ಪೆಲ್ಲ ತನ್ನದೇ ಎಂಬಂತೆ ಅವಳು ಅತ್ತಿಗೆಯ ಮುಖ ನೋಡದೆ ನಿಂತಳು. ಮೂರೂ ಮುಕ್ಕಾಲಾಗಿತ್ತೇನೋ, ಎದುರು ಮನೆಯ ತಗಡಿನ ಮೇಲೆ ಟಪಟಪ ಶುರುವಾಯಿತು. ಅತ್ತಿಗೆ ಮಂಚದಿಂದ ಕಾಲು ಇಳಿಬಿಟ್ಟರು. ಅವಳು ಕೈ ಅಡ್ಡ ಹಿಡಿದಳು. ಹೊಗೆ ಕೆಳಗೆ ಕೂರಲಿ ಎಂದು ಹತ್ತು ನಿಮಿಷ ತಡೆದು, ಕಚೇರಿಯಿಂದ ತಂದಿದ್ದ, ಹೊಗೆ ಅಳೆಯುವ ಸಣ್ಣ ಮಾಪಕವನ್ನು ಎರಡು ಸಲ ನೋಡಿ, ಆಮೇಲೆ ಚಾದರ ಬಿಚ್ಚಿ ಕಿಟಕಿ ತೆರೆದಳು.

ಒದ್ದೆ ಮಣ್ಣಿನ ವಾಸನೆ, ಅದರೊಳಗೆ ಸುಟ್ಟ ಮರದ ವಾಸನೆಯೂ ಒಂದಿಷ್ಟು, ತಣ್ಣಗೆ ಒಳಗೆ ಬಂತು. ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಬೆಂಚಿನ ಮೇಲೆ ಕೂತು ಅತ್ತಿಗೆ ಒಂದು ಉಸಿರು ಎಳೆದರು. ಅವಳು ಕೆಮ್ಮಿಗಾಗಿ ಕಾದಳು. ಬರಲಿಲ್ಲ. ಎರಡನೆಯದನ್ನು ಇನ್ನೂ ಉದ್ದ ಎಳೆದರು. ಬೀದಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು.

“ನಾಳೆ?” ಎಂದು ಕೇಳಿದರು ಅತ್ತಿಗೆ.

“ನಾಳೆ ಮತ್ತೆ ಹೊಗೆ ಅತ್ತಿಗೆ. ಇದು ಇನ್ನೊಂದು ಇಪ್ಪತ್ತು ನಿಮಿಷ, ಅಷ್ಟೇ.”

ಅತ್ತಿಗೆ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ಕೈ ಹಿಡಿದೆಳೆದು ಅವಳನ್ನು ಕೂರಿಸಿಕೊಂಡರು.

“ಹಾಗಾದ್ರೆ ನನ್ನ ಮುಖ ನೋಡ್ತಾ ಕೂರಬೇಡ. ನೀನೂ ಉಸಿರಾಡು.”