ತಿರುಗಬೇಕಾದವರು ಯಾರು

ದಾವಣಗೆರೆಯ ಹೊಲಿಗೆ ಅಂಗಡಿಯಲ್ಲಿ ಹಾಲಮ್ಮ ಒಂದು ದಿನವೂ ಸೂಜಿ ಹುಡುಕಿದವಳಲ್ಲ. ಎದೆಗೆ ತಾಗಿಸಿದರೆ ಸಾಕು, ಸೂಜಿ ಅಯಸ್ಕಾಂತಕ್ಕೆ ಅಂಟಿದಂತೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಅವಳದು ಉತ್ತರದ ಎದೆ, ದಕ್ಷಿಣದ ಬೆನ್ನು. ಊರಿನ ಅರ್ಧ ಜನ ಹುಟ್ಟುವುದೇ ಹಾಗೆ, ಉಳಿದರ್ಧ ಅದರ ಉಲ್ಟಾ.

ತಂಗಿ ಕೊಟ್ರಮ್ಮನದೂ ಉತ್ತರದ ಎದೆಯೇ. ಅಂಥ ಇಬ್ಬರು ಎದುರುಬದುರು ತಬ್ಬಲು ಹೋದರೆ ಮಾರು ದೂರ ಹಾರಿಬೀಳುತ್ತಾರೆ. ಒಬ್ಬರು ಬೆನ್ನು ತಿರುಗಿಸಿ ನಿಂತರೆ ಮಾತ್ರ ಇನ್ನೊಬ್ಬರು ಬಂದು ಅಂಟಿಕೊಳ್ಳಬಹುದು. ಜಗಳ ಮುಗಿಸುವಾಗ ತಪ್ಪು ಮಾಡಿದವರೇ ತಿರುಗಬೇಕೆಂಬುದು ರೂಢಿ.

ಅವ್ವನ ಹೊಲಿಗೆ ಯಂತ್ರಕ್ಕಾಗಿ ಅಕ್ಕತಂಗಿಯರು ಮಾತು ಬಿಟ್ಟು ಆರು ವರ್ಷವಾಗಿತ್ತು. ಯಂತ್ರ ಹಾಲಮ್ಮನ ಬಳಿಯೇ ಉಳಿದಿತ್ತು. ತಾನಂತೂ ತಿರುಗುವವಳಲ್ಲ ಎಂದು ಅವಳು ಊರಿಗೆಲ್ಲ ಸಾರಿದ್ದಳು.

ಇಂದು ಬೆಳಿಗ್ಗೆ ಕೊಟ್ರಮ್ಮ ಅಂಗಡಿ ಬಾಗಿಲಿಗೆ ಬಂದು ನಿಂತಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಅಕ್ಕಾ..."

ಆ ಬಿಳಿಗೂದಲು ಕಂಡದ್ದೇ ತಡ, ಹಾಲಮ್ಮ ಕಣ್ಣು ಮುಚ್ಚಿ ಸರಕ್ಕನೆ ತಿರುಗಿ, ಎರಡು ಹೆಜ್ಜೆ ಹಿಂದಕ್ಕೆ ಇಟ್ಟಳು.

ಯಾರೋ ದಬ್ಬಿದಂತಾಗಿ ಮುಗ್ಗರಿಸಿ, ಅವ್ವನ ಯಂತ್ರವನ್ನೇ ಹಿಡಿದು ನಿಂತಳು. ಹೊರಳಿ ನೋಡಿದರೆ ಕೊಟ್ರಮ್ಮ ಬಾಗಿಲಾಚೆ ಧೂಳಿನಲ್ಲಿ, ಅಂಗಡಿಗೆ ಬೆನ್ನು ಮಾಡಿ ಕೂತಿದ್ದಾಳೆ. ಅವಳೂ ಅದೇ ಗಳಿಗೆಗೆ ತಿರುಗಿದ್ದಳು.

"ನೀ ಯಾಕೆ ತಿರುಗಿದಿ ಅಕ್ಕಾ?" ಎಂದಳು, ನಗು ತಡೆಯಲಾರದೆ.

ಹಾಲಮ್ಮ ಎದೆಯ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದಳು.

"ಎದ್ದು ಹಂಗೇ ತಿರುಗಿ ನಿಂತ್ಕಳೇ. ತಪ್ಪು ನಂದೇ. ಆದ್ರೆ ತಬ್ಕಳ್ಳೋದೂ ನಾನೇ."