ಮೊದಲು ಬಂದವರು

“ಅಕ್ಕಾ, ನಿನ್ನ ಗಂಡನಿಗೆ ಹೇಳು, ಹಗ್ಗ ನಿಧಾನ ಎಳೀಲಿ. ಕಲ್ಲು ದಡದ ಗೋಡೆಗೆ ಬಡಿದ್ರೆ ಚೂರಾಗುತ್ತೆ!” ನೀರಿನಿಂದ ತಲೆಯೆತ್ತಿ ತಮ್ಮ ಕೂಗಿದ.

ನಾಲ್ಕು ಮಾರು ದೂರದಲ್ಲಿ ರಾಟೆ ತಿರುಗಿಸುತ್ತಿದ್ದ ಗಂಡನಿಗೆ ಅದು ಕೇಳಿಸದೆ ಇರಲಿಲ್ಲ. ಆದರೂ ಅವನು ಹೆಂಡತಿಯ ಕಡೆಗೇ ತಿರುಗಿ, “ನನ್ನ ಕೆಲಸ ನನಗೆ ಗೊತ್ತು ಅಂತ ಹೇಳು ನಿನ್ನ ತಮ್ಮನಿಗೆ,” ಎಂದ.

ಇಬ್ಬರ ನಡುವೆ ದಡದಲ್ಲಿ ನಿಂತಿದ್ದ ಅವಳು ಹಗ್ಗದತ್ತ ಕಣ್ಣು ನೆಟ್ಟಳು. ಕಿವಿರಿನವರ ಮಗಳು ಕೊಂಬಿನವರ ಮನೆ ಸೇರಿ ಏಳು ವರ್ಷವಾಗಿತ್ತು. ಅಂದಿನಿಂದ ಭಾವ-ಮೈದುನರ ನಡುವೆ ಮಾತು ಸತ್ತಿತ್ತು. ಊರಿನ ಹಣೆಬರಹವೂ ಅದೇ. ಕುತ್ತಿಗೆಯಲ್ಲಿ ಕಿವಿರಿದ್ದವರು ನೀರಿನೊಳಗೆ ದುಡಿಯುತ್ತಿದ್ದರು, ಹಣೆಯಲ್ಲಿ ಕೊಂಬಿದ್ದವರು ದಡದ ಮೇಲೆ ಭಾರ ಹೊರುತ್ತಿದ್ದರು. ದೋಣಿ ನಿಲ್ಲುವ ಬಂದರು ಮಾತ್ರ ಒಂದೇ. ಮೊದಲು ಬಂದವರು ನಾವು, ಅಲ್ಲ ನಾವು ಎಂಬ ಜಗಳದಲ್ಲಿ ಹೋದ ತಿಂಗಳು ಎರಡು ಹೆಣ ಬಿದ್ದಿದ್ದವು. ಈಗ ಹೂಳಿನಲ್ಲಿ ಶಾಸನವೊಂದು ಸಿಕ್ಕಿತ್ತು. ಅದರಲ್ಲಿ ಯಾರ ಹೆಸರಿದೆಯೋ ಬಂದರು ಅವರದು ಎಂದು ಎರಡೂ ಕಡೆಯ ಹಿರಿಯರು ಒಪ್ಪಿ ಊರನ್ನೆಲ್ಲ ಸೇರಿಸಿದ್ದರು. ಹಳೆಯ ಲಿಪಿ ಓದಬಲ್ಲವಳು ಅವಳೊಬ್ಬಳೇ.

ಕಲ್ಲು ಮೇಲೆ ಬಂತು. ಅವಳು ಮಂಡಿಯೂರಿ ಕೆಸರು ಉಜ್ಜತೊಡಗಿದಳು. ಮೈಯಿಂದ ನೀರಿಳಿಯುತ್ತಿದ್ದ ತಮ್ಮ ಬಗ್ಗಿ, “ಹುಟ್ಟಿದ ಮನೆ ಮರೀಬೇಡ ಅಕ್ಕಾ,” ಎಂದು ಪಿಸುಗುಟ್ಟಿದ. ತೊಳೆಯಲು ನೀರು ಕೊಡುವ ನೆಪದಲ್ಲಿ ಬಂದ ಗಂಡ, “ಬಾಳಬೇಕಾದ್ದು ಎಲ್ಲಿ ಅನ್ನೋದು ನೆನಪಿರಲಿ,” ಎಂದ.

ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಂಡವು. ನಡುವೆ ಅವಳ ಬೆರಳು ನಿಂತಿತು. ಸುಳ್ಳು ಹೇಳಿಬಿಡಲೇ ಎನಿಸಿತು. ಆದರೆ ಯಾರ ಪರವಾಗಿ ಹೇಳಿದರೂ ಸಂಜೆಯೊಳಗೆ ಇನ್ನೊಬ್ಬರ ಮನೆಗೆ ಬೆಂಕಿ ಬೀಳುತ್ತಿತ್ತು.

“ಓದಮ್ಮಾ, ಎಷ್ಟು ಹೊತ್ತು?” ಜನ ಗದರಿದರು.

ಅವಳು ಗಟ್ಟಿಯಾಗಿ ಓದಿದಳು: “‘ಈ ದಡದವರು ನಾವು. ದೋಣಿ ಒಡೆದುಕೊಂಡ ಕಿವಿರಿನವರೂ ಹೊಟ್ಟೆಗಿಲ್ಲದ ಕೊಂಬಿನವರೂ ಒಂದೇ ಮಳೆಗಾಲದಲ್ಲಿ ಬಂದರು. ಇಬ್ಬರಿಗೂ ಜಾಗ ಕೊಟ್ಟೆವು. ಇಂದು ಇಬ್ಬರೂ ಸೇರಿ ನಮ್ಮನ್ನು ಕಡಲಿಗೆ ಅಟ್ಟುತ್ತಿದ್ದಾರೆ. ನಾವು ಇಲ್ಲಿದ್ದೆವು.’”

ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡರು.

“ಯಾರೋ ತಲೆಕೆಟ್ಟವರು ಕೆತ್ತಿದ್ದು,” ಎಂದ ಕೊಂಬಿನ ಮುದುಕ.

“ಹೌದೌದು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ,” ಎಂದ ಕಿವಿರಿನ ಮುದುಕ. “ಮಕ್ಕಳ ಕಣ್ಣಿಗೆ ಬೀಳಬಾರದು.”

“ಬೇಡ!” ಎನ್ನುತ್ತಾ ಅವಳು ಕಲ್ಲನ್ನು ತಬ್ಬಿಕೊಂಡಳು. ಎರಡು ಜೋಡಿ ಕೈಗಳು ಅವಳನ್ನು ಮೆಲ್ಲಗೆ, ಆದರೆ ಬಿಡದೆ, ಎಬ್ಬಿಸಿ ದೂರ ಕೂರಿಸಿದವು. ಒಂದು ಗಂಡನದು, ಒಂದು ತಮ್ಮನದು. ಅವಳ ಮುಖ ನೋಡದೆ ಇಬ್ಬರೂ ಕಲ್ಲಿನತ್ತ ನಡೆದರು.

“ಭಾವ, ನೀವು ಆ ಮೂಲೆ ಹಿಡ್ಕೊಳ್ಳಿ,” ಎಂದ ತಮ್ಮ.

“ಹುಷಾರು ಕಣೋ, ಬೆರಳು ಸಿಕ್ಕೀತು,” ಎಂದ ಗಂಡ.