ವಾರಿಜಾ ಎಂಬ ಪ್ರಭೇದ

ನಾಲ್ಕನೆಯ ವಯಸ್ಸಿಗೇ ತೀರಿಕೊಂಡ ಮಗಳು ವಾರಿಜಾಳ ಹೆಸರನ್ನು ಅಧ್ಯಾಪಕರು ತಾವು ಕಂಡುಹಿಡಿದ ಟ್ರೈಲೊಬೈಟಿಗೆ, ಎಂದೋ ಅಳಿದ ಉಗುರಗಲದ ಕಡಲಜೀವಿಗೆ, ಇಟ್ಟಿದ್ದರು. ಮೂವತ್ತು ವರ್ಷಗಳ ತರುವಾಯ ಅವರ ಶಿಷ್ಯೆ ತನ್ನ ಪ್ರಬಂಧವನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದಳು.

“ಸರ್, ವಾರಿಜಾ ಬೇರೆ ಪ್ರಭೇದ ಅಲ್ಲ. ಆ ಅಂಗೈಯಗಲದ ಟ್ರೈಲೊಬೈಟ್ ಇದೆಯಲ್ಲ, ಅದರದೇ ಮರಿ. ನಡುವಿನ ಹಂತಗಳೆಲ್ಲ ಸಿಕ್ಕಿವೆ.”

“ನನಗೂ ಅನುಮಾನ ಇತ್ತಮ್ಮ. ಹೇಳೋ ಧೈರ್ಯ ಬರಲಿಲ್ಲ. ಹೊಡೆದುಹಾಕು ಆ ಹೆಸರನ್ನ, ಕಾಪಾಡಿ ಕಾಪಾಡಿ ನನಗೂ ಸಾಕಾಗಿದೆ.”

“ಹೊಡೆದುಹಾಕೋ ಹಾಗಿಲ್ಲ ಸರ್. ನಿಯಮದ ಪ್ರಕಾರ ಮೊದಲು ಇಟ್ಟ ಹೆಸರೇ ಎರಡಕ್ಕೂ ಉಳಿಯಬೇಕು. ದೊಡ್ಡದಕ್ಕೆ ಹೆಸರಿಟ್ಟದ್ದು ನಿಮ್ಮ ನಂತರ.”

ಅಧ್ಯಾಪಕರು ದೊಡ್ಡ ಪಳೆಯುಳಿಕೆಯ ತಟ್ಟೆಯಿಂದ ಹಳೆಯ ಹೆಸರಿನ ಚೀಟಿಯನ್ನು ತೆಗೆದು, ಹೊಸದೊಂದರಲ್ಲಿ ನಿಧಾನವಾಗಿ ಬರೆದರು: “ವಾರಿಜಾ, ಬೆಳೆದ ಮೇಲೆ.”